ಗೇರುಬೀಜ ಹಣ್ಣಿನಿಂದ ಹೊರಗೆ ಬಂದದ್ದು

ಆಗ ಲೋಕ ಇನ್ನೂ ಹಸಿಹಸಿಯಾಗಿತ್ತು ಮಗಾ. ಎಲ್ಲಿಗೆ ಬಂದು ನಿಲ್ಲಬೇಕೆಂದು ಸಮುದ್ರಕ್ಕೇ ಸರಿಯಾಗಿ ಗೊತ್ತಿರಲಿಲ್ಲ. ಗೇರುಬೀಜವೂ ಎಲ್ಲ ಬೀಜಗಳ ಹಾಗೆ ಹಣ್ಣಿನ ಒಳಗೇ ಬೆಚ್ಚಗೆ ಮಲಗಿರುತ್ತಿತ್ತು.

ಕಡಲ ದಂಡೆಯಲ್ಲಿ ಅಕ್ಕು ಎಂಬ ಮೀನುಗಾರ ಹೆಂಗಸಿದ್ದಳು. ಮಾವಿನ ಮರ ಕಡಿದು ದೋಣಿ ಮಾಡಿದಳು. ಹುಳು ಬಂತು, ಕರಕರ ಕೊರೆಯಿತು, ದೋಣಿ ಮುಳುಗಿತು. ಇನ್ನೊಂದು ಮರ ಕಡಿದು ಇನ್ನೊಂದು ದೋಣಿ ಮಾಡಿದಳು. ಹುಳು ಬಂತು, ಕರಕರ ಕೊರೆಯಿತು, ಅದೂ ಮುಳುಗಿತು.

ಮೂರನೆಯ ದೋಣಿಗೆ ಅಕ್ಕು ಬಾಣಂತನವನ್ನೇ ಮಾಡಿದಳು! ಎಳೆಗೂಸಿಗೆ ಹಚ್ಚುವ ಹಾಗೆ ದಿನಾ ತೆಂಗಿನೆಣ್ಣೆ ತಿಕ್ಕಿ, ಬಿಸಿನೀರು ಎರೆದು, ದೃಷ್ಟಿಬೊಟ್ಟು ಇಟ್ಟಳು. ಹುಳುಗಳಿಗೆ ಹಬ್ಬ. “ಬನ್ನಿ ಬನ್ನಿ, ಈ ಸಲ ಒಗ್ಗರಣೆಯೂ ಉಂಟು!” ಎಂದು ನೆಂಟರನ್ನೆಲ್ಲ ಕರೆದುಕೊಂಡು ಬಂದವು. ದೋಣಿ ತೂತುತೂತಾಗಿ ಮರಳಿನ ಮೇಲೆ ಬಿತ್ತು.

ಇನ್ನು ದಂಡೆಯಲ್ಲಿ ಉಳಿದದ್ದು ಒಂದೇ ಮಾವಿನ ಮರ. ಎಲ್ಲರೂ ಅದನ್ನು ಮಾವಿನಜ್ಜಿ ಎನ್ನುತ್ತಿದ್ದರು. ಕೊಡಲಿ ಹಿಡಿದು ಬಂದ ಅಕ್ಕುವಿನ ಕಣ್ಣಲ್ಲಿ ನೀರಿತ್ತು.

“ಎಂತ ಮಾಡುದು ಅಜ್ಜಿ, ಮನೆಯಲ್ಲಿ ಮಕ್ಕಳು ಹಸಿದು ಕೂತಿದ್ದಾವೆ.”

“ಕಡಿ ಮಗಳೇ,” ಎಂದಿತು ಅಜ್ಜಿ. “ಆದರೆ ನಾನೂ ಮುಳುಗಿದ ಮೇಲೆ ಎಂತ ಮಾಡ್ತಿ?”

ಪಕ್ಕದ ಗೇರುಮರದ ಹಣ್ಣೊಂದರೊಳಗಿದ್ದ ಬೀಜಕ್ಕೆ ಇದು ಕೇಳಿಸಿತು. ಮಾವಿನಜ್ಜಿ ಎಂದರೆ ಅದಕ್ಕೆ ಪ್ರಾಣ. “ನಿಲ್ಲು!” ಎಂದು ಕೂಗಿತು. ಹಣ್ಣಿನೊಳಗಿನ ಕೂಗು ಯಾರಿಗೆ ಕೇಳಬೇಕು? ಕೊಡಲಿ ಮೇಲೆದ್ದಿತು. ಬೀಜ ಉಸಿರು ಬಿಗಿಹಿಡಿದು ಹಣ್ಣಿನ ತಳವನ್ನು ಗುದ್ದಿತು, ಗುದ್ದಿತು, ಪುಳಕ್ಕನೆ ಪೂರಾ ಹೊರಗೆ ಬಂದು ನೇತಾಡಿತು.

“ನಿಲ್ಲು ಅಕ್ಕು! ನೆಲದಲ್ಲಿ ಬಿದ್ದಿದ್ದಾವಲ್ಲ ನಮ್ಮ ಸಿಪ್ಪೆಗಳು, ಅವನ್ನು ಸುಟ್ಟು ಎಣ್ಣೆ ಇಳಿಸು. ಅದನ್ನು ಹಚ್ಚಿ ನೋಡು!”

ಅಕ್ಕು ಕೊಡಲಿ ಕೆಳಗಿಟ್ಟು, ಮರಳಿನ ಮೇಲೆ ಬಿದ್ದಿದ್ದ ದೋಣಿಯ ತೂತುಗಳಿಗೆ ತೆಂಗಿನ ನಾರು ತುರುಕಿದಳು. ಮೇಲೆ ಕಪ್ಪನೆಯ ಸಿಪ್ಪೆಯೆಣ್ಣೆ ಬಳಿದಳು. ಬೆರಳಿಗೆ ತಾಗಿ “ಅಯ್ಯಬ್ಬಾ, ಉರಿ!” ಎಂದು ಕುಣಿದಳು. ಒಳಗಿದ್ದ ಹುಳುಗಳೂ “ಅಯ್ಯಬ್ಬಾ, ಉರಿ!” ಎಂದು ನೆಂಟರನ್ನು ಕಟ್ಟಿಕೊಂಡು ಓಡಿದವು.

ದೋಣಿ ನೀರಿಗಿಳಿಯಿತು. ಒಂದು ಹನಿ ನೀರು ಒಳಗೆ ಬರಲಿಲ್ಲ. ಆ ಮಳೆಗಾಲ ಕಳೆಯಿತು, ಇನ್ನೊಂದು ಮಳೆಗಾಲವೂ ಕಳೆಯಿತು, ದೋಣಿಯ ಮರ ಕೊಳೆಯಲಿಲ್ಲ. ಅಕ್ಕುವಿನ ಮಕ್ಕಳು ಹೊಟ್ಟೆ ತುಂಬ ಮೀನು ತಿಂದು ಮಾವಿನಜ್ಜಿಯ ಕೊಂಬೆಗಳಲ್ಲಿ ಜೋತಾಡಿದರು. ಎಂಥ ಖುಷಿ!

“ಇನ್ನಾದರೂ ಒಳಗೆ ಬಾ ಮಗಾ, ಶೀತ ಆಗ್ತದೆ,” ಎಂದು ಹಣ್ಣು ಕರೆಯಿತು.

“ಹೋಗಮ್ಮಾ! ನಾಳೆ ಯಾರಾದರೂ ಕೊಡಲಿ ಹಿಡಿದು ಬಂದರೆ ಕೂಗುವುದು ಯಾರು?” ಎಂದಿತು ಬೀಜ.

ಅದಕ್ಕೇ ಇವತ್ತಿಗೂ ಗೇರುಬೀಜ ಹಣ್ಣಿನ ಹೊರಗೇ ನೇತಾಡುತ್ತದೆ. ನಿನ್ನೆ ನೀನು ಹಸಿಬೀಜ ಕಚ್ಚಿ ತುಟಿ ಸುಟ್ಟುಕೊಂಡೆಯಲ್ಲ, ಅದು ನಿನ್ನನ್ನು ಹುಳು ಅಂದುಕೊಂಡಿತು ಮಗಾ!