ಬಿಲದಲ್ಲಿ ಉಳಿದ ಎರಡು ಮೊಟ್ಟೆ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಸೋದರತ್ತೆ ಹೊನ್ನಗಂಗಮ್ಮನವರು. ದೇವರು ಅವರ ಆತ್ಮವನ್ನು ತಂಪಾಗಿಟ್ಟಿರಲಿ.

ಹಿತ್ತಲಲ್ಲಿ ಬುಟ್ಟಿಯೊಂದರಲ್ಲಿ ಕಾವಿಗೆ ಕೂತಿದ್ದ ಹೇಂಟೆಯೊಂದರ ಒಂಬತ್ತು ಮೊಟ್ಟೆಗಳಲ್ಲಿ ಏಳು ಕಳ್ಳರ ಪಾಲಾದವು. ಉಳಿದೆರಡು ಹೆಗ್ಗಣದ ಬಿಲದಲ್ಲಿ ಸಿಕ್ಕವು. ಕಾವು ಆರುವ ಮೊದಲು ಅವನ್ನಾದರೂ ಕೊಡಿಸಿ ಎಂದು ಹೇಂಟೆಯು ಕೊಟ್ಟಿಗೆಯ ಮುದಿ ಎತ್ತಿನ ಮುಂದೆ ಅಳುತ್ತ ನಿಂತಿತು. ಎತ್ತು ಕಾಗೆ, ಹೆಗ್ಗಣ, ಮುಂಗುಸಿ ಮೂವರನ್ನೂ ಕರೆಸಿತು.

“ಹದ್ದು ಬಂತೆಂದು ಸುಳ್ಳೇ ಕೂಗಿ ಹೇಂಟೆಯನ್ನು ಎಬ್ಬಿಸಿದೆ, ಅಷ್ಟೇ. ಮೊಟ್ಟೆ ಮುಟ್ಟಿಲ್ಲ,” ಎಂದಿತು ಕಾಗೆ.

“ಬುಟ್ಟಿಯ ಅಡಿಗೆ ಬಿಲ ತೋಡಿದೆ, ಅಷ್ಟೇ. ತೋಡುವುದು ನಮ್ಮ ಕುಲಕಸುಬು ಸ್ವಾಮಿ,” ಎಂದಿತು ಹೆಗ್ಗಣ.

“ತಿಂದೆ, ನಿಜ. ಆದರೆ ತೋಡಿದವನೂ ನಾನಲ್ಲ, ಕೂಗಿದವನೂ ನಾನಲ್ಲ,” ಎಂದಿತು ಮುಂಗುಸಿ.

ಎತ್ತು ನಿಟ್ಟುಸಿರು ಬಿಟ್ಟಿತು. “ಬೆಳಗಿನಿಂದ ಇದೇ ರಾಗ ಕೇಳಿ ನನ್ನ ತಲೆ ಕೆಟ್ಟಿದೆ. ಆಯಿತಪ್ಪ, ಕಾಗೆಗೂ ಹೆಗ್ಗಣಕ್ಕೂ ಇದರಲ್ಲಿ ಸಂಬಂಧವಿಲ್ಲ. ಉಳಿದೆರಡನ್ನು ಹೇಂಟೆ ಒಯ್ಯಲಿ.”

“ಅದು ಹೇಗೆ?” ಎಂದಿತು ಕಾಗೆ. “ಅದರಲ್ಲಿ ಒಂದು ನನ್ನ ಪಾಲು. ನಿನ್ನೆಯೇ ಬೇಲಿಯ ಹತ್ತಿರ ಮೂವರೂ ಮಾತಾಡಿಕೊಂಡಿದ್ದೇವೆ.”

“ಇನ್ನೊಂದು ನನ್ನದು,” ಎಂದಿತು ಹೆಗ್ಗಣ.

“ಇಷ್ಟು ಹೇಳಿಸುವುದಕ್ಕೆ ನನ್ನ ಅರ್ಧ ದಿನ ಹಾಳು ಮಾಡಿದಿರಲ್ಲ,” ಎಂದಿತು ಎತ್ತು. “ಮೊಟ್ಟೆಯನ್ನು ಹಂಚಿಕೊಂಡಿರಿ, ಪಾಪವನ್ನು ಹಾಗೆ ಹಂಚಲು ಬರುವುದಿಲ್ಲ. ಒಬ್ಬೊಬ್ಬರ ತಲೆಯ ಮೇಲೂ ಏಳು ಮೊಟ್ಟೆಯ ಪಾಪ ಇಡಿಯಾಗಿ ಇದೆ. ಮೂವರೂ ಈ ಹಿತ್ತಲು ಬಿಟ್ಟು ನಡೆಯಿರಿ.”

ಹೇಂಟೆ ಎರಡು ಮೊಟ್ಟೆಗಳ ಮೇಲೆ ಮತ್ತೆ ಕಾವಿಗೆ ಕೂತಿತು.

ಕೇಳಿದವರು ದಯವಿಟ್ಟು ಇದನ್ನು ಇನ್ನೊಬ್ಬರಿಗೆ ಹೇಳಿ. ಕಳ್ಳನಿಗೆ ಏಣಿ ಹಿಡಿದುಕೊಂಡು ನಿಲ್ಲುವವರಿಗಂತೂ ಮರೆಯದೆ ಹೇಳಿ.