ಅಜರೇಲನ ಪಾಲಿಗೆ ಬಂದ ಗುಡ್ಡ

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಇಸ್ರಾಯೇಲ್ಯರಿಗೆ ಒಂದು ನಾಡನ್ನು ಕೊಡುತ್ತೇನೆಂದು ದೇವರು ಮಾತು ಕೊಟ್ಟಿದ್ದನು. ಆ ಮಾತು ಪೂರ್ತಿಯಾಗಿ ನೆರವೇರಿತು ಎಂದು ಹಿರಿಯರು ಹೇಳುತ್ತಾರೆ. ಇಸ್ರಾಯೇಲ್ಯರ ಕೈಗೆ ಬಾರದ ನೆಲ ಇನ್ನೂ ಬಹಳ ಉಳಿದಿತ್ತು ಎಂದೂ ಅವರೇ ಹೇಳುತ್ತಾರೆ. ಎರಡೂ ನಿಜವಾಗುವುದು ಹೇಗೆ, ಗುರುಗಳೇ?"

ಗುರುಗಳು ಈ ಕತೆ ಹೇಳಿದರು.

ಇಸ್ರಾಯೇಲ್ಯರು ಯೊರ್ದನ್ ಹೊಳೆ ದಾಟಿ ಬಂದು ಚೀಟು ಹಾಕಿ ನಾಡನ್ನು ಹಂಚಿಕೊಂಡಾಗ, ಅಜರೇಲನೆಂಬ ಕುರಿಗಾಹಿಯ ಪಾಲಿಗೆ ಒಂದು ಗುಡ್ಡ ಬಂತು. ಅಜರೇಲ ಹುಟ್ಟಿದ್ದು ಮರಳುಗಾಡಿನ ಗುಡಾರದಲ್ಲಿ. ತನ್ನದು ಎನ್ನುವ ನೆಲವನ್ನು ಅವನೂ ಕಂಡಿರಲಿಲ್ಲ, ಅವನ ಅಪ್ಪನೂ ಕಂಡಿರಲಿಲ್ಲ. ಹೆಂಡತಿ ಮಗಳನ್ನು ಕರೆದುಕೊಂಡು, ಕುರಿ ಹೊಡೆದುಕೊಂಡು ಸಂತೋಷದಿಂದ ಹೊರಟ. ಹೋಗಿ ನೋಡಿದರೆ ಗುಡ್ಡದ ಮೇಲೆ ಊರಿತ್ತು. ಊರಿನ ಸುತ್ತ ಕಲ್ಲಿನ ಗೋಡೆಯಿತ್ತು. ಒಳಗೆ ಜನ ತಲೆತಲಾಂತರದಿಂದ ಬಾಳುತ್ತಿದ್ದರು. ಗುಡ್ಡ ತನ್ನದೆಂದು ಅವರಿಗೆ ಹೇಳಲು ಅವನಿಗೆ ಬಾಯಿ ಬರಲಿಲ್ಲ. ತಪ್ಪಲಲ್ಲೇ ಗುಡಾರ ಹಾಕಿದ.

"ದೇವರು ನಮಗೆ ಕೊಟ್ಟದ್ದು ಇದೇನಾ?" ಎಂದು ಹೆಂಡತಿ ಕೇಳಿದಳು.

"ಇದೇ," ಎಂದ.

ಆ ಚಳಿಗಾಲದಲ್ಲಿ ಮಗಳು ಜ್ವರ ಬಂದು ತೀರಿಕೊಂಡಳು. ತಪ್ಪಲಲ್ಲಿ ಎಲ್ಲಿ ಅಗೆದರೂ ಬಂಡೆ. ಇಡೀ ಗುಡ್ಡ ಪಾಲಿಗೆ ಬಂದವನಿಗೆ ಮಗುವನ್ನು ಹೂಳಲು ಒಂದಿಷ್ಟು ಮಣ್ಣು ಸಿಗಲಿಲ್ಲ. ಅವನು ಹೆಣವನ್ನು ಹೆಗಲಿಗೆ ಹಾಕಿಕೊಂಡು ಗುಡ್ಡ ಹತ್ತಿದ. ಊರಬಾಗಿಲಲ್ಲಿ ಆ ಊರಿನ ಯಜಮಾನ ಕೂತಿದ್ದ. ಹೆಣವನ್ನು ಕಂಡು ಎದ್ದ. ಒಳಗೆ ಹೋಗಿ ಹಾರೆ ತಂದ. ತನ್ನ ಮನೆಯವರನ್ನು ಹೂಳಿದ್ದ ಕಡೆಯೇ ಗುಂಡಿ ತೋಡಿಕೊಟ್ಟ.

"ಇಷ್ಟು ನಿಮ್ಮದಾಗಿರಲಿ. ಬಂದು ಹೋಗುತ್ತಿರಿ," ಎಂದ.

ಅಂದಿನಿಂದ ಅಜರೇಲನ ಹೆಂಡತಿ ಮೇಲೆ ಹೋಗಿ ಮಗಳ ಗೋರಿಯ ಬಳಿ ಕೂತು ಬರುತ್ತಿದ್ದಳು. ಬರುವಾಗ ಊರಿನ ಹೆಂಗಸರ ಜೊತೆ ನೀರು ಸೇದಿಕೊಂಡು ಬರುತ್ತಿದ್ದಳು.

ಕೆಲವು ವರ್ಷ ಕಳೆದ ಮೇಲೆ ಕುಲದ ಹಿರಿಯರು ಕತ್ತಿ ಹಿಡಿದ ಜನರೊಡನೆ ಬಂದರು. "ಏಳು ಅಜರೇಲ, ನಿನ್ನ ಪಾಲನ್ನು ಬಿಡಿಸಿಕೊಡುತ್ತೇವೆ. ಈ ಗುಡ್ಡ ಅವರ ಕೈಯಲ್ಲೇ ಉಳಿದರೆ ದೇವರ ಮಾತು ಸುಳ್ಳಾಗುತ್ತದೆ," ಎಂದರು.

ಅಜರೇಲನಿಗೆ ದಿಕ್ಕು ತೋಚಲಿಲ್ಲ. ಇವರೊಡನೆ ಹೋದರೆ ಮಗಳಿಗೆ ಜಾಗ ಕೊಟ್ಟವನನ್ನು ಕೊಲ್ಲಬೇಕು. ಹೋಗದಿದ್ದರೆ ದೇವರನ್ನು ಸುಳ್ಳುಗಾರನನ್ನಾಗಿ ಮಾಡಿದಂತೆ. ಆ ಗುಡ್ಡದಲ್ಲಿ ಅವನದಾಗಿದ್ದ ನೆಲ ಮಗಳ ಗೋರಿಯೊಂದೇ. ಅದನ್ನು ಕೊಟ್ಟದ್ದು ದೇವರೋ ಯಜಮಾನನೋ? ಎಷ್ಟು ಯೋಚಿಸಿದರೂ ಬಗೆಹರಿಯಲಿಲ್ಲ. ಪ್ರಾರ್ಥನೆ ಮಾಡಿದ, ಉತ್ತರ ಬರಲಿಲ್ಲ. ಕೊನೆಗೆ ಗುಡ್ಡ ಹತ್ತುವ ದಾರಿಗೆ ಅಡ್ಡವಾಗಿ ಕೂತುಬಿಟ್ಟ.

"ನಾನು ಮಾಡುತ್ತಿರುವುದು ಸರಿಯೋ ತಪ್ಪೋ ಗೊತ್ತಿಲ್ಲ. ಹೋಗುವುದಾದರೆ ನನ್ನನ್ನು ತುಳಿದುಕೊಂಡು ಹೋಗಿ," ಎಂದ.

ಹೆಂಡತಿಯೂ ಬಂದು ಪಕ್ಕದಲ್ಲಿ ಕೂತಳು. ತಮ್ಮವರ ಮೇಲೆಯೇ ಕೈ ಮಾಡಲಾರದೆ ಹಿರಿಯರು ಶಪಿಸಿ ಹಿಂದಿರುಗಿದರು. ಅವನನ್ನು ಕುಲದಿಂದ ಹೊರಗಿಟ್ಟರು. ಮುಂದೆ ಅವನು ಸತ್ತಾಗ ಗುಡ್ಡದವರೇ ಇಳಿದು ಬಂದು ಹೆಣಕ್ಕೆ ಹೆಗಲು ಕೊಟ್ಟರು.

ಆ ಗುಡ್ಡ ನಮ್ಮ ಕೈಗೆ ಬರಲಿಲ್ಲ ಎಂದು ಹಿರಿಯರು ಕೊನೆಯವರೆಗೂ ಹೇಳಿದರು. ದೇವರು ಕೊಟ್ಟ ಮಾತನ್ನು ಉಳಿಸಿಕೊಂಡನು ಎಂದು ಅಜರೇಲನ ಹೆಂಡತಿ ಕೊನೆಯವರೆಗೂ ಹೇಳಿದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಗೊಂದಲ ಮೊದಲಿಗಿಂತ ಹೆಚ್ಚಾಗಿತ್ತು. "ಹಾಗಾದರೆ ನಾನು ಯಾರನ್ನು ನಂಬಲಿ? ಗುಡ್ಡವನ್ನು ದೇವರು ಕೊಟ್ಟನೋ ಇಲ್ಲವೋ?" ಎಂದ.

ಗುರುಗಳು ಹೇಳಿದರು: "ಗುಡ್ಡದ ಮೇಲಿದ್ದವರಿಗೆ ದೇವರು ಏನು ಮಾತು ಕೊಟ್ಟಿದ್ದನೆಂದು ನೀನು ಇನ್ನೂ ಕೇಳಲೇ ಇಲ್ಲ."