ಸೋಮನಕಟ್ಟೆ ನಿಲ್ದಾಣದ ಮೇಲ್ಸೇತುವೆ

ಊರಂಚಿನ ಸೋಮನಕಟ್ಟೆ ರೈಲು ನಿಲ್ದಾಣಕ್ಕೆ ನೂರು ವರ್ಷ ತುಂಬಿದ ದಿನ, ಅಂಗಳದಲ್ಲಿ ಪ್ರದರ್ಶನಕ್ಕಿಟ್ಟಿದ್ದ ಹಳೆಯ ಉಗಿ ಎಂಜಿನ್ನಿಗೆ ಹೊಸ ಬಣ್ಣ ಬಳಿದು ಹೂಮಾಲೆ ಹಾಕಿದರು. ಅದನ್ನು ಕಂಡು ಕಬ್ಬಿಣದ ಮೇಲ್ಸೇತುವೆಗೆ ಹೊಟ್ಟೆ ಉರಿಯಿತು.

"ಎಂಜಿನ್ ರಾಯರೇ, ಸುತ್ತ ರಾಗಿ ಹೊಲವಿದ್ದಾಗ ಇಬ್ಬರೂ ಒಟ್ಟಿಗೇ ಇಲ್ಲಿಗೆ ಬಂದೆವು. ಈಗ ನಿಮಗೆ ಮಾಲೆ, ನನಗೆ ತುಳಿತ. ಇದು ಯಾವ ನ್ಯಾಯ?"

"ಕೊರಗಬೇಡ. ಇಂದು ತಪಾಸಣೆಯ ಅಧಿಕಾರಿ ಬರುತ್ತಾರೆ. ನೀನು ಸವೆದಿದ್ದರೆ ಬಿಚ್ಚಿ, ನನ್ನ ಪಕ್ಕದಲ್ಲೇ ಇಡುತ್ತಾರಂತೆ."

ಸೇತುವೆ ಹಿಗ್ಗಿ ಹೀರೇಕಾಯಿಯಾಯಿತು. "ಅಲ್ಲಿ ದಿನವಿಡೀ ಏನು ಮಾಡುತ್ತೀರಿ?"

"ನಿಂತಿರುತ್ತೇನೆ," ಎಂದಿತು ಎಂಜಿನ್. "ರೈಲು ಬಂದಾಗಲೆಲ್ಲ ನನ್ನ ಚಕ್ರಗಳು ತುಡಿಯುತ್ತವೆ. ಆದರೆ ಮುಂದೆ ಹಳಿಯೇ ಇಲ್ಲ."

ಅಷ್ಟರಲ್ಲಿ ಲೋಕಲ್ ರೈಲು ಕೂಗಿತು. "ಓಡೇ ಪಾರಿಜಾತಾ, ಬಂದೇಬಿಡ್ತು!" ಎನ್ನುತ್ತ ಗಾರ್ಮೆಂಟ್ಸ್ ಕೆಲಸದ ಹೆಂಗಸರು ಧಡಧಡನೆ ಮೆಟ್ಟಿಲೇರಿದರು. ಸೇತುವೆಯ ಮೈಯೆಲ್ಲ ಜುಮ್ಮೆಂದಿತು. ಇದನ್ನು ಬಿಟ್ಟು ತಾನು ಸುಮ್ಮನೆ ನಿಲ್ಲಬೇಕೇ?

ಅಧಿಕಾರಿ ಬಂದು ಸುತ್ತಿಗೆಯಿಂದ ಕಂಬಕ್ಕೆ ಬಡಿದರು. ಸೇತುವೆ ಇದ್ದಬದ್ದ ಶಕ್ತಿಯನ್ನೆಲ್ಲ ಕೂಡಿಸಿ ಖಣ್ಣೆಂದು ದನಿಗೊಟ್ಟಿತು.

"ಗಟ್ಟಿಯಾಗಿದೆ. ಇಲ್ಲೇ ಇರಲಿ," ಎಂದರು ಅವರು.

"ಪಾಪ, ಬೇಸರವಾಯಿತೇ?" ಎಂದು ಎಂಜಿನ್ ಕೇಳಿತು.

"ಆಮೇಲೆ ಮಾತಾಡೋಣ ರಾಯರೇ," ಎಂದು ಸೇತುವೆ ಕೂಗಿತು, "ಆ ಕಡೆಯಿಂದ ಇನ್ನೊಂದು ರೈಲು ಬಂತು!"